ಅಡುಗೆಭಟ್ಟನ ಪಾತ್ರಧಾರಿಯ ಸಹಿ

ಕಾನ್‌ಸ್ಟೆಬಲ್ ಅಮಿತ್ ಕಲ್ಕತ್ತೆಯ ಠಾಣೆಯಲ್ಲಿ ಹಳೆಯ ಪೇಪರಿನಿಂದ ಮೇಜಿನ ಗಾಜು ಒರೆಸುತ್ತಿದ್ದ. ಸಬ್ ಇನ್‌ಸ್ಪೆಕ್ಟರ್ ಅಕ್ಷರಾ ಚಹಾ ಲೋಟಗಳನ್ನು ಎತ್ತಿ ಜಾಗ ಮಾಡಿಕೊಟ್ಟಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲೇಕ್ ಮಾರ್ಕೆಟ್ಟಿನ ಲಕ್ಷ್ಮೀನಾರಾಯಣ ಏದುಸಿರು ಬಿಡುತ್ತ ಒಳಗೆ ಬಂದರು.

"ನೀವು ಕನ್ನಡದೋರಂತೆ. ನನ್ನ ಫೋಟೋ ಕಳುವಾಗಿದೆಯಮ್ಮ."

"ಯಾರ ಫೋಟೋ, ಅಂಕಲ್?"

"ಮೊದಮೊದಲ ಕನ್ನಡ ಟಾಕಿ ಸಿನಿಮಾಗಳಲ್ಲಿ ಅಡುಗೆಭಟ್ಟನ ಪಾತ್ರ ಮಾಡ್ತಿದ್ದರಲ್ಲ, ಆ ನಟರದ್ದು. ನನ್ನ ಹೆಸರು ಬರೆದು ಸಹಿ ಹಾಕಿಕೊಟ್ಟಿದ್ರು."

ಅಕ್ಷರಾ ಹಿಂದಿಯಲ್ಲಿ ತಿಳಿಸಿದಾಗ ಅಮಿತ್ ನಕ್ಕ. "ಹೀರೋನ ಬಿಟ್ಟು ಬಾವರ್ಚಿನ ಕದ್ದನಾ, ಮ್ಯಾಡಮ್?"

ಎಫ್ಐಆರ್ ದಾಖಲಿಸಿ, ಹನ್ನೊಂದೂವರೆಗೆ ಅವರ ಮನೆಯಲ್ಲಿ ಪಂಚನಾಮೆ ಮಾಡಿದರು. ಬೀಗ ಮುರಿದಿರಲಿಲ್ಲ. ಪ್ರತಿ ಫೋಟೋ ಪೆಟ್ಟಿಗೆಯಲ್ಲೂ ತೇವ ಹೀರುವ ಹರಳಿನ ಪೊಟ್ಟಣವಿತ್ತು. ಕಲ್ಕತ್ತೆಯ ತೇವದ ಹವೆಗೆ ನೀಲಿ ಹರಳೆಲ್ಲ ಗುಲಾಬಿಗೆ ತಿರುಗಿದ್ದವು. ಫೋಟೋ ಕಳುವಾದ ಪೆಟ್ಟಿಗೆಯಲ್ಲಿ ಮಾತ್ರ ಅವು ಕಡುನೀಲಿ.

"ಇದನ್ನ ನೀವು ಬದಲಿಸಿದ್ರಾ?"

"ಇಲ್ಲಮ್ಮ. ದುರ್ಗಾ ಪೂಜೋ ಮುಗೀಲಿ ಅಂತಿದ್ದೆ."

ಕದ್ದವನು ಆ ಪೆಟ್ಟಿಗೆಯ ಉಳಿದ ಫೋಟೋಗಳಿಗೆ ಬೂಸ್ಟು ಹಿಡಿಯದಂತೆ ನೋಡಿಕೊಂಡು ಹೋಗಿದ್ದ. ಇದು ಬರಿಯ ಕಳ್ಳನ ಕೈಯಲ್ಲ ಎಂದು ಅಕ್ಷರಾಗೆ ಹೊಳೆಯಿತು.

"ಈ ಫೋಟೋ ಹುಚ್ಚು ಇನ್ಯಾರಿಗಿದೆ?"

"ಜಾದವ್‌ಪುರದ ಹಿರಿಯಣ್ಣನಿಗೆ. ನಿನ್ನೆ ಕಾಫಿಗೆ ಬಂದಿದ್ದ. ಛೆ, ಬಿಡಿ, ಅವನು ನನ್ನ ಚಡ್ಡಿ ದೋಸ್ತು!"

ಸಂಜೆ ಐದಕ್ಕೆ ಹಿರಿಯಣ್ಣ ಬಾಗಿಲು ತೆರೆದವರು, ಕೇಳುವ ಮೊದಲೇ ಬೀರು ತೆಗೆದರು. ಫೋಟೋ ಮಸ್ಲಿನ್ ಬಟ್ಟೆಯಲ್ಲಿತ್ತು.

"ಪೊಟ್ಟಣ ಯಾಕೆ ಬದಲಿಸಿದ್ರಿ?"

"ಅವನಿಗೆಲ್ಲಿದೆ ಆ ಬುದ್ಧಿ? ಉಳಿದವೂ ಹಾಳಾಗ್ತಿದ್ವು. ಜೇಬಲ್ಲಿ ಒಂದೇ ಪೊಟ್ಟಣ ಇತ್ತು."

"ಫೋಟೋ?"

"ಮೈಸೂರಲ್ಲಿ ಆ ನಟರ ಮನೆ ಹುಡುಕಿದ್ದು ನಾನು. ಲಚ್ಚಿನ, ಅದೇ ಲಕ್ಷ್ಮೀನಾರಾಯಣನ್ನ, ಕರ್ಕೊಂಡು ಹೋದೋನೂ ನಾನೇ. ಅವನಿಗೆ ಬರೆಯೋಷ್ಟರಲ್ಲಿ ಅವರ ಕೈ ಸೋತಿತು. ನೀನು ನಾಳೆ ಬಾರಪ್ಪ ಅಂದ್ರು. ಮಾರನೇ ದಿನ ಹೋದ್ರೆ ಆಸ್ಪತ್ರೆ ಸೇರಿದ್ರು. ಮತ್ತೆ ಮನೆಗೆ ಬರಲೇ ಇಲ್ಲ."

"ಅದೆಲ್ಲ ಹಳೇದು. ಈಗ್ಯಾಕೆ?"

"ಮೊನ್ನೆ ಕನ್ನಡ ಸಂಘದ ಫೋಟೋ ಪ್ರದರ್ಶನದಲ್ಲಿ ಎಲ್ಲರೆದುರು ಅಂದ, ಒಬ್ಬನೇ ಹುಡುಕ್ಕೊಂಡು ಹೋಗಿದ್ದೆ ಅಂತ. ಹೊಟ್ಟೆಗೆ ಬೆಂಕಿ ಬಿತ್ತು ಕಣಮ್ಮ."

ಆರಕ್ಕೆ ದಸ್ತಗಿರಿಯಾಯಿತು. ಕೇಸ್ ಡೈರಿಯಲ್ಲಿ ಉದ್ದೇಶ 'ಹೊಟ್ಟೆಕಿಚ್ಚು' ಎಂದು ಬರೆದ ಅಕ್ಷರಾ, ಅಷ್ಟೇ ಸಾಲದೆಂದು ಅನಿಸಿದರೂ, ಬೇರೆ ಪದ ಸಿಗದೆ ಪೆನ್ನು ಮುಚ್ಚಿದಳು.

ಫೋಟೋ ಗುರುತಿಸಲು ಲಕ್ಷ್ಮೀನಾರಾಯಣ ಠಾಣೆಗೆ ಬಂದಿದ್ದರು. ತಮ್ಮ ಹೆಸರಿದ್ದ ಮೂಲೆಯನ್ನು ಬೆರಳಿಂದ ತೋರಿಸಿದರು. ಹಿರಿಯಣ್ಣ ಕೂತಿದ್ದ ಬೆಂಚಿನ ಕಡೆ ಮಾತ್ರ ತಿರುಗಲಿಲ್ಲ.

"ಲಚ್ಚೀ," ಎಂದರು ಹಿರಿಯಣ್ಣ, "ನಾನೂ ಅಲ್ಲಿದ್ದೆ ಅಂತ ಇವರಿಗೆ ಒಂದ್ಸಲ ಹೇಳೋ."