ಎದುರು ಮೆಟ್ಟಿಲಿನ ಎಣಿಕೆ

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಡಗಿಗೆ ತನ್ನ ಮನೆಯ ಹೊಸ್ತಿಲೇ ಕಾಣಲಿಲ್ಲ. ಕಣ್ಣಿಲ್ಲದ ಅಕ್ಕ ಮಾತ್ರ ಎಂದಿನಂತೆ ತಡವರಿಸದೆ ಬಂದು ತನ್ನ ಉಣ್ಣೆಯ ಶಾಲನ್ನು ಅವನಿಗೆ ಹೊದಿಸಿದಳು. ಅವರಿಬ್ಬರಿಗೂ ಬೇರೆ ಯಾರೂ ಇರಲಿಲ್ಲ. ಅವನ ದನಿಯೇ ಅವಳಿಗೆ ಅವನ ಮುಖ.

"ಸಂಜೆಗೆ ನನ್ನ ಶಾಲು ವಾಪಸ್ ಬರಬೇಕು. ಜೊತೆಗೆ ನೀನೂ."

"ಮೊದಲು ಶಾಲು, ಆಮೇಲೆ ತಮ್ಮ! ಆಯ್ತಕ್ಕಾ," ಎಂದು ನಕ್ಕು ಹೊರಟ.

ಅವನು ಹೊರಟಿದ್ದು ಅರ್ಧ ದಿನದ ದಾರಿಯ ಒಂದು ಹಳೆಯ ಅರಮನೆಗೆ. ಅಲ್ಲಿ ಒಂದೇ ಕಂಬವನ್ನು ಎರಡು ಹಾವುಗಳಂತೆ ಸುತ್ತಿಕೊಂಡ ಜೋಡಿ ಮೆಟ್ಟಿಲು. ಒಂದರಲ್ಲಿ ಹತ್ತುವವರಿಗೆ ಇನ್ನೊಂದರಲ್ಲಿ ಇಳಿಯುವವರು ಕಾಣರು, ಸಪ್ಪಳವಷ್ಟೇ ಕೇಳುತ್ತದೆ. ಹತ್ತುವಾಗ ಕೈಯಾನುವ ಮರದ ಕಟಾಂಜನಕ್ಕೆ ಗೆದ್ದಲು ಹಿಡಿದಿತ್ತು. ಅಳತೆಗೆಂದು ಅವನನ್ನು ಕರೆಸಿದ್ದರು.

ಬೀಗ ತೆಗೆದ ಕಾವಲಿನ ಮುದುಕ ತಗ್ಗಿದ ದನಿಯಲ್ಲಿ ಹೇಳಿದ: "ಮೆಟ್ಟಿಲ ಮೇಲೆ ಬಾಯಿ ಬಿಡಬೇಡಿ ಮೇಸ್ತ್ರಿ. ಗುಟ್ಟು ಹೊರಗೆ ಹೇಳ್ತಾನೆ ಅಂತ ಇದನ್ನ ಕಟ್ಟಿದ ಶಿಲ್ಪಿಯ ನಾಲಿಗೇನೇ ಕೀಳಿಸಿದ ದೊರೆ. ಅವನು ಮಾಟ ಮಾಡಿ ಸತ್ತ. ದನಿ ಸಿಕ್ಕಿದ ದಿನ ಮನೆಗೆ ಹೋಗ್ತಾನಂತೆ."

"ಇಷ್ಟು ವರ್ಷಕ್ಕೆ ಪಾಪ, ಮನೆ ದಾರೀನೇ ಮರೆತಿರ್ತಾನೆ ಬಿಡಿ ತಾತ."

"ಅವನ ಮನೆ ಎಲ್ಲಿ ಉಳಿದಿದೆ? ದನಿ ಯಾರದೋ, ಮನೇನೂ ಅವರದೇ."

ಒಳಗೆ ಬಾವಲಿ ಹಿಕ್ಕೆಯ, ಒದ್ದೆ ಸುಣ್ಣದ ವಾಸನೆ. ಅಳತೆಪಟ್ಟಿ ಹಿಡಿದು, ಕೆಲಸದ ರೂಢಿಯಂತೆ ಗಟ್ಟಿಯಾಗಿ ಎಣಿಸುತ್ತಾ ಹತ್ತಿದ. ನಲವತ್ತರ ಹೊತ್ತಿಗೆ ಎದುರು ಮೆಟ್ಟಿಲಿನಲ್ಲಿ ಬರಿಗಾಲಿನ ಸಪ್ಪಳ.

"ನಲವತ್ತೊಂದು," ಎಂದ.

"ನಲವತ್ತೆರಡು," ಎಂದಿತು ಕಂಬದಾಚೆಯ ದನಿ.

ಅವನದೇ ದನಿ. ಅವನಿನ್ನೂ ಹೇಳಿರಲಿಲ್ಲ.

ಯಾರದು ಎಂದು ಕೂಗಹೋದ. ಬಾಯಿ ತೆರೆಯಿತು. ಸದ್ದಿಲ್ಲ. ಗಂಟಲ ತುಂಬ ಒಣಸುಣ್ಣ. ದೇವರ ಹೆಸರು ತುಟಿಗೆ ಬಂತು. ತುಟಿ ದಾಟಲಿಲ್ಲ. ಆಚೆಯ ಹೆಜ್ಜೆಗಳು ಓಡತೊಡಗಿದವು. ಕೆಳಕ್ಕೆ. ಬಾಗಿಲಿಗೆ. ಹೊರಕ್ಕೆ.

ಅವನೂ ಓಡಿದ. ಬಿದ್ದ. ಎದ್ದ. ಕಾವಲಿನ ಮುದುಕ ಅವನ ಮುಖ ನೋಡಿ, ಪಕ್ಕಕ್ಕೆ ಸರಿದು ಕೈಮುಗಿದ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಾಗಿಲು ತಟ್ಟಿದ. ಅಕ್ಕ ಅರ್ಧ ತೆರೆದಳು.

"ಯಾರಪ್ಪಾ? ಮಾತಾಡಿ, ನನಗೆ ಕಣ್ಣು ಕಾಣಲ್ಲ."

ಅವನು ಅವಳ ಕೈ ಹಿಡಿದ. ಅವಳು ಬೆದರಿ ಎಳೆದುಕೊಂಡಳು.

ಒಳಗಿನಿಂದ ಅವನದೇ ದನಿ ಅಕ್ಕರೆಯಿಂದ ಕೇಳಿತು: "ಯಾರಕ್ಕಾ ಅದು? ಚಳಿ ಬರ್ತಿದೆ, ಬಾಗಿಲು ಹಾಕು."

ಅವಳ ಮುಖ ಆ ದನಿಯತ್ತ ತಿರುಗಿ ಅರಳಿತು. "ನನ್ನ ತಮ್ಮ. ಈಗಷ್ಟೇ ಬಂದ. ಶಾಲು ಮಾತ್ರ ಎಲ್ಲೋ ಬಿಟ್ಟು ಬಂದಿದ್ದಾನೆ, ಮಂಕ."

ಅವನು ಹೆಗಲ ಶಾಲನ್ನು ತೆಗೆದ. ಅವಳೇ ಕಲಿಸಿದಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿ, ಸದ್ದಿಲ್ಲದೆ ಅವಳ ಕೈಗಿತ್ತ.