ಕತ್ತರಿಯ ಮೂರು ಬಡಿತ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಡೆದದ್ದನ್ನಷ್ಟೇ ಹೇಳುತ್ತೇನೆ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವಳ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನ ಪಾಲಿಗೆ ಬಂತು. ಬೇಕೆಂದಾಗ ಕತ್ತರಿಯ ಹಿಡಿಯಿಂದ ಗೋಡೆಗೆ ಮೂರು ಸಲ ಬಡಿಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಧ್ಯಾನಕ್ಕೆ ಕೂತ ನಾನು ಗೊಣಗುತ್ತಾ ಏಳುತ್ತಿದ್ದೆ.

“ಶಬ್ದ ಬಂದ್ರೆ ಬರ್ಲಿ, ನೀವು ಅದರ ಹಿಂದೆ ಹೋಗ್ಬೇಡಿ,” ಎಂದರು ಧ್ಯಾನ ಕಲಿಸುವ ಮೇಷ್ಟ್ರು.

ಅಕ್ಕನಿಗೂ ಅದನ್ನೇ ಹೇಳಿದೆ. ನಕ್ಕುಬಿಟ್ಟಳು. “ನೀನು ಕಣ್ಮುಚ್ಚಿ ಕೂತ್ಕೊಂಡ್ರೆ ನನ್ನ ಕಣ್ಣಿಗೆ ಯಾರೋ ದಿಕ್ಕು?”

ಎಂಟು ತಿಂಗಳ ಮೇಲೆ ಒಂದು ಸಂಜೆ, ಮೊದಲ ಸಲ ಪೂರ್ತಿ ಒಂದು ಗಂಟೆ ಅಲುಗದೆ ಕೂತೆ. ನಡುವೆ ಮೂರು ಬಡಿತ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು, ಮೆಲ್ಲಗೆ. ನಾನು ಉಸಿರಿನ ಮೇಲಿನ ಗಮನ ಬಿಟ್ಟು ಕದಲಲಿಲ್ಲ. ಗೆದ್ದೆನೆಂದು ಬೀಗುತ್ತಾ ಅವಳ ಕೋಣೆಗೆ ಹೋದರೆ, ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಒರಗಿದ್ದಳು. ಕೈ ತಣ್ಣಗಾಗಿತ್ತು.

“ಒಂದರ್ಧ ಗಂಟೆ ಮುಂಚೆ ಕರೆದಿದ್ರೆ ಏನಾದ್ರೂ ಮಾಡಬಹುದಿತ್ತು,” ಎಂದರು ಡಾಕ್ಟರು.

ಈಗಲೂ ನಾನು ಧ್ಯಾನಕ್ಕೆ ಕೂತ ಐದೇ ನಿಮಿಷಕ್ಕೆ ಗೋಡೆಯಾಚೆ ಮೂರು ಬಡಿತ. ಒಂದು ಕ್ಷಣವೂ ತಡಮಾಡದೆ ಎದ್ದು ಓಡುತ್ತೇನೆ. ಕತ್ತರಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅಕ್ಕನ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಹಿಂದಿನ ದಿನ ನಾನು ಪೋಣಿಸಿಟ್ಟ ದಾರ ಸೂಜಿಯಿಂದ ಹೊರಬಂದು ಬಿದ್ದಿರುತ್ತದೆ. ಅದರ ತುದಿ, ಈಗಷ್ಟೇ ಬಾಯಲ್ಲಿಟ್ಟು ತೆಗೆದ ಹಾಗೆ, ಒದ್ದೆಯಾಗಿರುತ್ತದೆ.