ಅಕ್ಷರದಲ್ಲಿ ನಕ್ಕ ಚಿಕ್ಕಸ್ವಾಮಿ

"ಅಯ್ಯೋ, ನಮ್ಮಪ್ಪನಿಗೆ ಇದೇನ್ರೀ ಕುದುರೆ ಮುಖ ಬಂದ್ಬಿಟ್ಟಿದೆ!"

ಮಧುಕುಮಾರ ಹಾಗೆ ಕೂಗಿಕೊಂಡಾಗ ಸುನೀತಾಗೆ ನಗು ತಡೆಯಲಾಗಲಿಲ್ಲ. ತಡೆಯಬೇಕಿತ್ತು, ಪಾಪ, ತೀರಿಕೊಂಡವರ ಚಿತ್ರ ಅದು. ಆದರೆ ಸ್ಕ್ರೀನಿನ ಮೇಲೆ ಮುಖ ಮೊಳದುದ್ದ ಜಗ್ಗಿಕೊಂಡಿತ್ತು, ಹಣೆಯೊಂದೇ ಅರ್ಧ ಮುಖ.

"ನೀವು ಕೊಟ್ಟ ಫೈಲೇ ಹಾಗಿದೆ ಸಾರ್. ನಾನೇನು ನಿಮ್ಮಪ್ಪನ ಗಲ್ಲ ಹಿಡಿದು ಎಳೆದಿಲ್ಲ."

ಅವನು ಹುಬ್ಬು ಗಂಟಿಕ್ಕಿ ಅವಳ ಕಡೆ ತಿರುಗಿದ. ಗಂಟು ಅರ್ಧಕ್ಕೇ ಸಡಿಲವಾಯಿತು. ಆಮೇಲೆ ಚಿತ್ರ ನೋಡಬೇಕಾದವನು ಅವಳ ಕಿವಿಯ ಜುಮುಕಿ ನೋಡುತ್ತಾ ನಿಂತ. ಸುನೀತಾ ಕಂಡೂ ಕಾಣದವಳಂತೆ ಮೌಸ್ ಆಡಿಸಿದಳು.

ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅವಳದು ಡಿಟಿಪಿ, ಝೆರಾಕ್ಸ್ ಅಂಗಡಿ. ಹಳೇ ಫೋಟೋ ಸರಿಮಾಡುವುದರಲ್ಲಿ ಅವಳ ಕೈಗೆ ಹೆಸರಿತ್ತು. ಮಧು ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್. ಅವನ ತಂದೆ ಚಿಕ್ಕಸ್ವಾಮಿ ಮೂವತ್ತೈದು ವರ್ಷದ ಹಿಂದೆ ಇದೇ ಊರಿನ ಕಾರ್ಖಾನೆಯೊಂದರ ಕಂಪ್ಯೂಟರ್ ರೂಮಿನಲ್ಲಿದ್ದವರು. ಆ ಕಾಲದ ಪ್ರಿಂಟರಿಗೆ ಅಕ್ಷರ ಹೊಡೆಯುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಜೊತೆಗಾರ ನಾಗಯ್ಯ ಅದರಲ್ಲೇ ಕರಾಮತ್ತು ಮಾಡಿದ್ದರು. ಎಂ, ಎಕ್ಸ್, ಸೊನ್ನೆ, ಚುಕ್ಕಿಗಳನ್ನು ಸಾಲುಸಾಲಾಗಿ ಜೋಡಿಸಿ ಗೆಳೆಯನ ನಗುಮುಖ ಮೂಡಿಸಿದ್ದರು.

ಮಧು ತೋರಿಸಿದ ಮದುವೆ ಫೋಟೋದಲ್ಲಿ ಚಿಕ್ಕಸ್ವಾಮಿ ಪೊಲೀಸರ ಮುಂದೆ ನಿಂತವರ ಹಾಗೆ ಬಿಗಿದುಕೊಂಡಿದ್ದಾರೆ. ಅವರು ನಕ್ಕಿದ್ದು ಆ ಪ್ರಿಂಟಿನಲ್ಲಿ ಮಾತ್ರ. ಅದನ್ನೂ ಗೆದ್ದಲು ತಿಂದು ಎರಡು ವರ್ಷವಾಗಿತ್ತು. ನಾಗಯ್ಯನ ಟ್ರಂಕಿನಲ್ಲಿ ಸಿಕ್ಕ ಫ್ಲಾಪಿಯಿಂದ ಅಕ್ಷರಗಳನ್ನು ಹೇಗೋ ಪೆನ್‌ಡ್ರೈವಿಗೆ ಇಳಿಸಿಕೊಂಡು ಮಧು ಇಲ್ಲಿಗೆ ತಂದಿದ್ದ. ಗೋಡೆಗೆ ಹಾಕುವಂಥ ಫೋಟೋ ಬೇಕು, ಅವ್ವ ಕೇಳ್ತಿದಾಳೆ ಅಂದಿದ್ದ.

ಮುಂದಿನ ಭಾನುವಾರ ಅವನು ಹದಿನಾರು ಗ್ರಾಮದಿಂದ ನಾಗಯ್ಯನವರನ್ನೇ ಕರೆತಂದ. ಮುದುಕರು ಸ್ಕ್ರೀನ್ ನೋಡಿ ಹಣೆ ಚಚ್ಚಿಕೊಂಡರು.

"ಮೊದಲ್ನೇ ಕಾಲಮ್ಮಲ್ಲಿ ಅಲ್ಲಲ್ಲಿ ಪ್ಲಸ್ ಗುರ್ತು ಇತ್ತಲ್ಲಾ, ಎಲ್ಲೋಯ್ತು?"

ಮಧುವಿನ ಮುಖ ಸಣ್ಣದಾಯಿತು. "ಅದು ಕಸ ಅಂದ್ಕೊಂಡೆ. ಮೇಡಮ್ಮಿಗೆ ತೊಂದರೆ ಆಗದೇ ಇರಲಿ ಅಂತ ತೆಗೆದುಹಾಕ್ದೆ."

ಪಹಣಿಯ ದಾಖಲೆಯಲ್ಲಿ ಎಲ್ಲಿ ಏನು ಹೆಚ್ಚಿಗೆ ಕಂಡರೂ ಗುಡಿಸಿ ಚೊಕ್ಕ ಮಾಡಿ ಅಭ್ಯಾಸ ಅವನಿಗೆ. ಅಪ್ಪನ ಮುಖವನ್ನೂ ಹಾಗೇ ಚೊಕ್ಕ ಮಾಡಿದ್ದ!

"ಲೇ ಪೆದ್ದೇ! ಪ್ಲಸ್ ಇದ್ರೆ ಕಾಗ್ದ ಮುಂದಕ್ಕೋಗ್ಕೂಡ್ದು ಅಂತ ಕಣ್ಲಾ. ನಿಂತ ಜಾಗ್ದಲ್ಲೇ, ಅದೇ ಸಾಲಿನ್ ಮ್ಯಾಲೆ ಇನ್ನೊಂದ್ಸಲ ಅಕ್ಸರ ಒಡೀಬೇಕು. ಅಂಗೆ ಒಡುದ್ರೇನೇ ಕೂದ್ಲು, ಮೀಸೆ ಎಲ್ಲಾ ಕಪ್ಪಾಗಾದು. ನೀನು ಮ್ಯಾಲಿಂದೆಲ್ಲಾ ಕೆಳಕ್ಕೆ ತಳ್ಬುಟ್ಟಿದ್ದೀಯ, ಅದುಕ್ಕೇ ಮೊಕ ಉದ್ದಾಗದೆ!"

ಸುನೀತಾ ಬಾಯಿಗೆ ವೇಲ್ ಅಡ್ಡ ಹಿಡಿದು ನಕ್ಕಳು. ಮಧುವೂ ನಾಚಿಕೊಂಡು ನಕ್ಕ. ಮರುದಿನವೇ ಅಸಲು ಫೈಲ್ ಕಳಿಸಿದ.

ಎರಡೆರಡು ಸಾಲು ಒಂದರ ಮೇಲೊಂದು ಕೂತವು. ಅಕ್ಷರ ದಟ್ಟವಿದ್ದಲ್ಲಿ ಕಪ್ಪು ಚುಕ್ಕಿ, ತೆಳುವಿದ್ದಲ್ಲಿ ಬೂದು ಚುಕ್ಕಿ ಅಂತ ಸುನೀತಾ ಒಂದೊಂದನ್ನೂ ಬಣ್ಣಕ್ಕೆ ತಿರುಗಿಸಿದಳು. ಮಂಗಳವಾರ ಮಧ್ಯಾಹ್ನ ಚಿಕ್ಕಸ್ವಾಮಿ ಅಷ್ಟೂ ಹಲ್ಲು ಬಿಟ್ಟು ನಕ್ಕರು. ಪ್ರಿಂಟ್ ತೆಗೆದು, ಫ್ರೇಮ್ ಹಾಕಿಸಿ, ಅವಳು ಬೀರುವಿನಲ್ಲಿಟ್ಟಳು.

ಭಾನುವಾರ ಮಧು ಬಂದ. ಕೈಯಲ್ಲಿ ನರಸೀಪುರದ ಬೋಂಡದ ಪೊಟ್ಟಣ. ಹೊರಡುವಾಗ ಬಿಸಿ, ಇಳಿಯುವಾಗ ತಣ್ಣಗೆ.

"ಆಯ್ತಾ ಮೇಡಂ?"

"ಇನ್ನೂ ಸ್ವಲ್ಪ ಇದೆ."

ಬಾಯಿಂದ ಹೇಗೆ ಹೊರಬಿತ್ತೋ ಆ ಸುಳ್ಳು! ಫೋಟೋ ಕೊಟ್ಟರೆ ಇವನಿಗೆ ಈ ಕಡೆ ಏನು ಕೆಲಸ? ಅದೊಂದೇ ಭಯ ಅವಳಿಗೆ. ಮುಂದಿನ ಭಾನುವಾರ "ಮೀಸೆ ಸರಿ ಬಂದಿಲ್ಲ" ಅಂದಳು. ಅದರ ಮುಂದಿನ ವಾರ ಕಿವಿಯ ಮೇಲೆ ತಪ್ಪು ಹೊರಿಸಿದಳು. ಅವನು "ನಿಧಾನಕ್ಕೆ ಮಾಡಿ" ಎಂದು ಸ್ಟೂಲ್ ಎಳೆದುಕೊಂಡು, ಅಂಗಡಿ ಮುಚ್ಚುವ ಹೊತ್ತಿನ ತನಕ ಹರಟುತ್ತಿದ್ದ.

ಬುಧವಾರ ಬೆಳಿಗ್ಗೆ ಒಬ್ಬ ಹೆಂಗಸು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಬಂದರು.

"ನೀನೇನವ್ವಾ ಪೋಟೋ ಮಾಡೋಳು? ನಾನು ಮಧು ಅವ್ವ, ಸಾಕಮ್ಮ. ಮಗರಾಯ ವಾರವಾರ ಗಡ್ಡ ಕೆರ್ಕಂಡು, ಸೆಂಟ್ ಒಡ್ಕಂಡು, ಅಪ್ಪನ್ ಪೋಟೋಕ್ ಓಯ್ತೀನಿ ಅಂತ ಬತ್ತಾನೆ. ಪೋಟೋ ಮಾತ್ರ ಬರ್ನಿಲ್ಲ. ನಾನೇ ಬಂದ್ಬುಟ್ಟೆ."

ಈ ತಾಯಿಯ ಮುಂದೆ ಯಾವ ಮೀಸೆಯ ಕಥೆ ಹೇಳುವುದು? ಸುನೀತಾ ಬೀರು ತೆಗೆದಳು.

ಸಾಕಮ್ಮ ಹತ್ತಿರದಿಂದ ನೋಡಿದರು, ಬರೀ ಚುಕ್ಕಿ. ಒಂದೊಂದೇ ಹೆಜ್ಜೆ ಹಿಂದೆ ಸರಿದು ಬಾಗಿಲ ತನಕ ಹೋದರು.

"ಇವ್ರೇ ಕಣವ್ವ! ಇಂಗೇ ನಗೋರು, ಅಷ್ಟೂ ಅಲ್ಲು ಬುಟ್ಕಂಡು." ಸೆರಗಿನಿಂದ ಕಣ್ಣೊರೆಸಿಕೊಂಡರು.

"ತಡ ಮಾಡ್ಬಿಟ್ಟೆ ಅಮ್ಮ. ತಪ್ಪಾಯ್ತು."

"ಎಲ್ಡ್ ವರ್ಸ ಕಾದಿವ್ನಿ, ನಿಂದೇನ್ ಮಹಾ ತಡ?" ಎಂದು ಅವಳ ಕೆನ್ನೆ ಸವರಿ, ಫ್ರೇಮನ್ನು ಎದೆಗವಚಿಕೊಂಡು ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ಸುನೀತಾಗೆ ನೆನಪಾಯಿತು. ಅವಳ ಅಂಗಡಿಯ ಪ್ರತಿ ಫೋಟೋದ ಕೆಳಗೆ ತಾರೀಖು ಬೀಳುತ್ತದೆ. ಅದರಲ್ಲಿರುವುದು ಮೂರು ವಾರದ ಹಿಂದಿನ ಮಂಗಳವಾರ! ಕಳ್ಳಿ ತಾನೇ ವಿಳಾಸ ಬರೆದಿಟ್ಟು ಬಂದ ಹಾಗಾಯಿತು. ಅವ್ವನನ್ನು ಕಾಯಿಸಿದವಳ ಮುಖ ಅವನು ಇನ್ನು ನೋಡುತ್ತಾನೆಯೇ? ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಮಧು ಬಂದ. ನಗುತ್ತಿರಲಿಲ್ಲ.

"ಫೋಟೋ ಕೆಳಗಡೆ ತಾರೀಖು ನೋಡ್ದೆ."

ಸುನೀತಾ ಎದ್ದು ನಿಂತಳು. ಹೇಳಿಯೇಬಿಟ್ಟಳು. "ಮುಗಿದಿತ್ತು. ಸುಳ್ಳು ಹೇಳ್ದೆ. ಕೊಟ್ಟರೆ ನೀವು ಬರೋದು ನಿಂತುಹೋಗುತ್ತೆ ಅಂತ. ನಿಮ್ಮಮ್ಮನ್ನ ಕಾಯಿಸಿದ್ದು ತಪ್ಪು. ನೀವು ಬರಲಿ ಅಂತ ಆಸೆಪಟ್ಟಿದ್ದು ಮಾತ್ರ ತಪ್ಪು ಅಂತ ನಾನು ಒಪ್ಪಲ್ಲ."

ಹೊರಗೆ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಮಧು ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದು, ಬೋಂಡದ ಪೊಟ್ಟಣ ಟೇಬಲ್ಲಿನ ಮೇಲಿಟ್ಟ.

"ಕೋಪ ಬಂದಿತ್ತು ನಿಜ. ಬುಧವಾರ ಸಾಯಂಕಾಲ ಬಂತು, ಗುರುವಾರ ಬೆಳಿಗ್ಗೆ ಹೋಯ್ತು."

"ಮತ್ತೆ ಇವತ್ತು ಏನು ಕೆಲಸಕ್ಕೆ ಬಂದ್ರಿ?"

"ಕೆಲಸ ಏನೂ ಇಲ್ಲ ಕಣ್ರೀ. ಫೋಟೋ ಗೋಡೆ ಮೇಲಿದೆ. ಆದ್ರೂ ಬಸ್ ಹತ್ತಿಬಿಟ್ಟೆ." ಅವನ ಕಿವಿ ಕೆಂಪಾಗಿತ್ತು. "ಆ ಉಡ್ಗೀನ ಕೇಳ್ಕಂಡ್ ಬಾ, ಬರೀ ಬೋಂಡ ತಿನ್ಸಿ ಬರ್ಬ್ಯಾಡ ಅಂತ ಅವ್ವ ಬೈದು ಕಳಿಸಿದಾಳೆ."

"ಕೇಳಿ ಮತ್ತೆ."

"ನನ್ನ ಮದುವೆ ಆಗ್ತೀರಾ ಸುನೀತಾ?"

"ಮದುವೆ ಫೋಟೋದಲ್ಲಿ ನಗ್ತೀರಾ? ಪೊಲೀಸರ ಮುಂದೆ ನಿಂತ ಹಾಗೆ ನಿಂತ್ರೆ ನಾನು ಒಲ್ಲೆ."

ಮಧು ನಕ್ಕುಬಿಟ್ಟ. ಒಂದೊಂದು ಚುಕ್ಕಿಯನ್ನೂ ತಾನೇ ಕೂರಿಸಿದ್ದವಳಿಗೆ ಆ ನಗು ಚೆನ್ನಾಗಿ ಗೊತ್ತಿತ್ತು. ಅದೇ ಹಲ್ಲು, ಅದೇ ಕಣ್ಣು.

"ಹಾಂ, ಹೀಗೇ," ಎಂದಳು ಸುನೀತಾ. ಅವಳಿಗೆ ಅಳುವೂ ಬಂತು, ನಾಲ್ಕು ದಿನದ ಹಸಿವೂ ಬಂತು. ಬೋಂಡ ಎಂದಿನ ಹಾಗೆ ತಣ್ಣಗಿತ್ತು. ಎರಡು ತಿಂದಳು.